ನನ್ನ ಸುತ್ತು, ಅತ್ತೆಯ ಸಕ್ಕರೆ

ದೇವರ ಸೇವೆಯನ್ನು ಎಣಿಸಬಹುದು, ಬರೆದಿಡಬಾರದು. ಈ ಮಾತನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಇವತ್ತು ನಮ್ಮ ಬೀದಿಯಲ್ಲಿ ನಾನು ತಲೆಯೆತ್ತಿಕೊಂಡು ನಡೆಯುತ್ತಿದ್ದೆ. ಎಣಿಸಿದ್ದು ಬೆರಳಿನಲ್ಲೇ ಮುಗಿದುಹೋಗುತ್ತದೆ. ಬರೆದದ್ದು ಮಗಳ ಕೈಗೆ ಸಿಗುತ್ತದೆ, ಮಗಳ ಕೈಗೆ ಸಿಕ್ಕಿದ್ದು ಶಾಲೆಗೆ ಹೋಗುತ್ತದೆ, ಶಾಲೆಗೆ ಹೋದ ಮೇಲೆ ಅದು ತಮಿಳುನಾಡಿನ ಈ ಕಂಬಂ ಕಣಿವೆಗೆಲ್ಲ ಸೇರಿದ ಆಸ್ತಿ.

ಶುರುವಾದದ್ದು ದೀಪಾವಳಿ ಕಳೆದ ವಾರ. ನಮ್ಮ ಅತ್ತೆ ನಾಗಮ್ಮಾಳ್ ಅವರನ್ನು ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅತ್ತೆಗೆ ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆಗೆ ಹದಿನಾರು. ಡಾಕ್ಟರಮ್ಮ ಚೀಟಿ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಬೆಳಗಿನ ಬರಿಹೊಟ್ಟೆಯ ಸಕ್ಕರೆ ನೂರಾ ತೊಂಬತ್ತು. "ಪೊಂಗಲ್ ತನಕ ಟೈಮ್ ಕೊಡ್ತೀನಿ. ನೂರಾ ಮೂವತ್ತರ ಒಳಗೆ ಬಂದರೆ ಮಾತ್ರೆಯಲ್ಲೇ ಇರೋಣ. ಬರದಿದ್ದರೆ ದಿನಾ ಇಂಜೆಕ್ಷನ್" ಎಂದರು.

ವಾಪಸು ಬರುವ ಬಸ್ಸು ಉತ್ತಮಪಾಳ್ಯ ದಾಟಿತು. ಅತ್ತೆ ನನ್ನ ಕೈ ಹಿಡಿದುಕೊಂಡು, ಮಕ್ಕಳನ್ನು ಮುದ್ದಿಸುವ ಹಾಗೆ ‘ಕಣ್ಣು’ ಎಂದು ಕರೆದರು. "ಊಸಿ ಮಾತ್ರ ಬ್ಯಾಡ ಕಣ್ಣು. ನಮ್ಮಕ್ಕ ದಿನಾ ವಟ್ಟೆಗೆ ಚುಚ್ಕಂಡು ಚುಚ್ಕಂಡು ಜರಡಿ ಆಗೋದ್ಳು. ಆ ಊಸಿ ಕಂಡ್ರೆ ನಂಗೆ ಅಲ್ಲೇ ಜೀವ ಓತದೆ."

ಇಪ್ಪತ್ತು ವರ್ಷದಲ್ಲಿ ಅತ್ತೆ ನನ್ನ ಕೈ ಹಿಡಿದದ್ದು ಅದು ಎರಡನೆಯ ಸಲ. (ಮೊದಲನೆಯದು ನನ್ನ ಮದುವೆಯ ದಿನ, ಫೋಟೋದವನು ಹೇಳಿದ್ದರಿಂದ.) ಆ ಬಸ್ಸಿನಲ್ಲೇ ನಾನು ಮನಸ್ಸಿನಲ್ಲಿ ಒಂದು ಮಹಾಸಂಕಲ್ಪ ಮಾಡಿದೆ: ಈ ತಾಯಿಯ ಹೊಟ್ಟೆಗೆ ಸೂಜಿ ತಾಗಲು ಬಿಡುವುದಿಲ್ಲ.

ಮನೆ ಸೇರಿದ ಸಂಜೆಯೇ ಶರ್ಕರಾ ನಿಷೇಧಾಜ್ಞೆ ಜಾರಿಯಾಯಿತು. ಸಕ್ಕರೆ, ಬೆಲ್ಲ, ತಾಟಿಬೆಲ್ಲ, ದೀಪಾವಳಿಯಲ್ಲಿ ಉಳಿದ ಅದಿರಸ, ಎಲ್ಲವನ್ನೂ ಒಂದು ದೊಡ್ಡ ಡಬ್ಬಿಗೆ ತುಂಬಿ ಪಕ್ಕದ ಮನೆಯ ಜೆಯಂತಿಗೆ ಒಪ್ಪಿಸಿದೆ. ಜೆಯಂತಿ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಜೀವದಂಗೆ ಕಾಯ್ತೀನಿ ಅಕ್ಕಾ" ಎಂದಳು. ಆ ವಿಶ್ವಾಸ ಕಂಡು ನನ್ನ ಕಣ್ಣು ತುಂಬಿತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಸಕ್ಕರೆ ಇಲ್ಲ. ಗಂಡನಿಗಿಲ್ಲ, ಮಗಳಿಗಿಲ್ಲ, ಬಂದವರಿಗೂ ಇಲ್ಲ.

ಬಂದವರು ಎಂದರೆ ನಮ್ಮ ಬೀದಿಯ ಹೆಂಗಸರು. ದ್ರಾಕ್ಷಿ ತೋಟದ ಕೆಲಸ ಮುಗಿಸಿ ಸಂಜೆ ನಮ್ಮ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ತಮ್ಮ ಕಷ್ಟ ನನಗೆ ಹೇಳಿಕೊಳ್ಳುವುದು ಬಹಳ ವರ್ಷದ ರೂಢಿ. ನಾನು ಎಂಟನೆಯ ಕ್ಲಾಸಿನವರೆಗೆ ಓದಿದವಳು. ಬುದ್ಧಿ ಹೇಳುವಷ್ಟು ಬುದ್ಧಿಯಿಲ್ಲ. ಆದರೆ ಕೇಳಿಸಿಕೊಳ್ಳುತ್ತೇನೆ. ಮಧ್ಯೆ ಬಾಯಿ ಹಾಕುವುದಿಲ್ಲ, ನನ್ನ ಕಷ್ಟ ಎದುರಿಡುವುದಿಲ್ಲ, ಬರೇ "ಹೂಂ" ಎನ್ನುತ್ತೇನೆ. ಇದರ ಬಗ್ಗೆ ನನಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಿಷೇಧಾಜ್ಞೆ ಬಂದ ಎರಡು ವಾರದಲ್ಲಿ ಈ ಹೆಂಗಸರು ನನ್ನ ಬಳಿ ಬರುವುದು ಕಡಿಮೆಯಾಯಿತು. ನನ್ನ ಪ್ರಾರ್ಥನೆಯಿಂದ ಬೀದಿಯ ಕಷ್ಟಗಳೂ ಕಡಿಮೆಯಾಗುತ್ತಿವೆ ಎಂದುಕೊಂಡೆ.

ಪ್ರಾರ್ಥನೆ ಎಂದೆನಲ್ಲ, ಅದೇ ನನ್ನ ಎರಡನೆಯ ಅಸ್ತ್ರ. ನಮ್ಮ ಊರಿನ ನಂದಗೋಪಾಲ ಸ್ವಾಮಿಗೆ ಹಸುಗಳೇ ಪರಿವಾರ. ದೇವರಿಗೆ ಬಿಟ್ಟ ಹಸುವನ್ನು ಯಾರೂ ಕರೆಯುವುದಿಲ್ಲ. ಅದರ ಹಾಲು ಅದರ ಕರುವಿಗೆ. ಹರಕೆ ಹೊತ್ತವರು ಗುಡಿಯನ್ನಷ್ಟೇ ಸುತ್ತಿದರೆ ಸಾಲದು, ಹಸುಗಳ ದೊಡ್ಡಿಯನ್ನೂ ಸೇರಿಸಿ ಸುತ್ತಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಒಂದು ಸುತ್ತಿಗೆ ಮೂರು ನಿಮಿಷ. ದಾರಿಯಲ್ಲಿ ಹಸು ಅಡ್ಡ ಮಲಗಿದ್ದರೆ ಎಬ್ಬಿಸುವಂತಿಲ್ಲ. ಅದಾಗಿ ಏಳುವವರೆಗೆ ಕೈಮುಗಿದು ನಿಲ್ಲಬೇಕು. (ದೇವರ ಹಸುಗಳಿಗೆ ಏಳುವ ಅವಸರವೇ ಇರುವುದಿಲ್ಲ. ಅವುಗಳಿಗೆ ಸಂಜೆ ಅಡುಗೆ ಇಲ್ಲವಲ್ಲ.)

ಮೊದಲು ದಿನಕ್ಕೆ ಒಂಬತ್ತು ಸುತ್ತು ಎಂದುಕೊಂಡಿದ್ದೆ. ಐದನೆಯ ದಿನ ಬೆಳಿಗ್ಗೆ ಅತ್ತೆ ಹಾಸಿಗೆಯಲ್ಲೇ ಎದ್ದು ಕೂತು ಕೈಮುಗಿದರು. "ಮರುಮವಳೆ, ಕನಸಲ್ಲಿ ಸಾಮಿ ಬಂದಿದ್ರು. ಕರಿ ಎತ್ತಿನ ಮೇಲೆ ಕುಂತಿದ್ರು. ಒಂಬತ್ತು ಎಂಗೆ ಸಾಕಾಗ್ತದೆ, ಇಪ್ಪತ್ತೇಳು ಸುತ್ತು ಅಂತ ಅವ್ಳಿಗೆ ಏಳು ಅಂದ್ರು."

ನನಗೆ ಮೈ ಜುಮ್ಮೆಂದಿತು. ಸ್ವಾಮಿ ನನ್ನ ಹೆಸರು ಹಿಡಿದರೇ ಎಂದು ಕೇಳಿದೆ. "ಎಸ್ರು ಏಳಿಲ್ಲೆ. ಲೋಗೇಸನ ಎಂಡ್ತಿ ಅಂದ್ರು" ಎಂದರು ಅತ್ತೆ. ಇಪ್ಪತ್ತು ದಿನದೊಳಗೆ ಸ್ವಾಮಿ ಮತ್ತೆ ಎರಡು ಸಲ ಬಂದು, ಬಿಡುವಿದ್ದ ದಿನ ಐವತ್ತನಾಲ್ಕು ಎಂಬಲ್ಲಿಗೆ ತಂದು ನಿಲ್ಲಿಸಿದರು. ಐವತ್ತನಾಲ್ಕು ಎಂದರೆ ಹಸು ಅಡ್ಡ ಮಲಗದಿದ್ದರೂ ಎರಡೂಮುಕ್ಕಾಲು ಗಂಟೆ. ಮಧ್ಯಾಹ್ನ ಮೂರೂವರೆಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ತೋಟದಲ್ಲಿ ಆಳುಗಳಿದ್ದ ದಿನ ಒಂಬತ್ತು, ಸುಮಾರು ಬಿಡುವಿದ್ದರೆ ಇಪ್ಪತ್ತೇಳು, ಪೂರ್ತಿ ಬಿಡುವಿದ್ದರೆ ಐವತ್ತನಾಲ್ಕು. ಮಡಿಲಲ್ಲಿ ಹುಣಸೆ ಬೀಜ ಕಟ್ಟಿಕೊಂಡು, ಒಂದು ಸುತ್ತಿಗೆ ಒಂದು ಬೀಜ ಬಿಡುತ್ತಿದ್ದೆ.

ಸುಮ್ಮನೆ ಸುತ್ತಿದ್ದರೆ ಆಗುತ್ತಿತ್ತು. ನಾನು ಮಗಳ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಹೋದೆ. ತಾರೀಕು, ಪಕ್ಕದಲ್ಲಿ ಸಂಜೆಯ ಸುತ್ತು, ಅದರ ಪಕ್ಕದಲ್ಲಿ ಮರುದಿನ ಬೆಳಗಿನ ಸಕ್ಕರೆ. ಬೆಳಗಿನ ಸಕ್ಕರೆ ನೋಡುವುದು ನನ್ನ ಗಂಡ ಲೋಗೇಶರ ಖಾತೆ. ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ. ಅವರು ತಾಯಿಯ ಬೆರಳಿಗೆ ಸಣ್ಣಗೆ ಚುಚ್ಚಿ, ಯಂತ್ರಕ್ಕೆ ತೊಟ್ಟು ತಾಗಿಸಿ, ದ್ರಾಕ್ಷಿ ಮಂಡಿಯಲ್ಲಿ ಹರಾಜು ಕೂಗುವ ಧ್ವನಿಯಲ್ಲಿ "ನೂರಾ ಎಪ್ಪತ್ತೆಂಟು!" ಎಂದು ಕೂಗುತ್ತಿದ್ದರು. ಅತ್ತೆ ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಬರೆದದ್ದನ್ನು ಒಂದು ದಿನವೂ ಮೇಲಿಂದ ಕೆಳಗೆ ಓದಿ ನೋಡಲಿಲ್ಲ. ದೇವರ ಕೆಲಸವನ್ನು ಮೇಲ್ವಿಚಾರಣೆ ಮಾಡಲು ನಾನು ಯಾರು?

ಮೇಲ್ವಿಚಾರಣೆಗೆ ಬಂದವಳು ಇಂದುಜಾ. ನಮ್ಮ ಮಗಳು, ಎಂಟನೆಯ ಕ್ಲಾಸು. ಗಣಿತದ ಅಭಿರಾಮಿ ಟೀಚರ್ ಮಕ್ಕಳಿಗೆಲ್ಲ ಒಂದು ಕೆಲಸ ಕೊಟ್ಟಿದ್ದರಂತೆ: ಯಾವುದಾದರೂ ಎರಡು ಸಂಗತಿಗಳನ್ನು ಜೋಡಿ ಜೋಡಿಯಾಗಿ ಅಳೆದು ತನ್ನಿ, ಚುಕ್ಕಿ ನಕ್ಷೆ ಬರೆಯಿರಿ, ಎರಡಕ್ಕೂ ಸಂಬಂಧ ಇದೆಯೇ ನೋಡಿ. ಬೇರೆ ಮಕ್ಕಳು ಸ್ನೇಹಿತರ ಎತ್ತರ, ಕಾಲಿನ ಉದ್ದ ಎಂದು ಟೇಪು ಹಿಡಿದು ಅಲೆದರು. ನನ್ನ ಮಗಳು ಮಂಚದಿಂದ ಇಳಿಯದೆ ಮಾಡಬಹುದಾದ ವಿಷಯ ಹುಡುಕಿದಳು. ನನ್ನ ನೋಟುಪುಸ್ತಕ ಸಿಕ್ಕಿತು. ಮೂವತ್ತಾರು ದಿನದ್ದು, ನೀಟಾಗಿ, ಕೋಷ್ಟಕ ಸಮೇತ.

ಭಾನುವಾರ ಬೆಳಿಗ್ಗೆ ನೋಡುತ್ತೇನೆ, ರಂಗೋಲಿಗೆ ಇಟ್ಟ ಹಾಗೆ ಗ್ರಾಫ್ ಹಾಳೆಯ ತುಂಬ ಚುಕ್ಕಿ.

"ಕೋಲನಾ ಕಣ್ಣು?"

"ಕೋಲ ಅಲ್ಲಮ್ಮಾ. ಸ್ಕ್ಯಾಟರ್ ಪ್ಲಾಟ್. ಅಡ್ಡಕ್ಕೆ ನೀನು ಸುತ್ತಿದ್ದು, ಮೇಲಕ್ಕೆ ಅಜ್ಜಿ ಸಕ್ಕರೆ. ಒಂದು ದಿನಕ್ಕೆ ಒಂದು ಚುಕ್ಕಿ."

ಅವಳು ನೀರು ಕುಡಿಯಲು ಒಳಗೆ ಹೋದಳು. ಚುಕ್ಕಿ ಇಟ್ಟು ಗೆರೆ ಎಳೆಯದೆ ಬಿಟ್ಟದ್ದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ಪೆನ್ಸಿಲ್ ತೆಗೆದುಕೊಂಡು ಚಂದವಾಗಿ ಒಂದಕ್ಕೊಂದು ಸೇರಿಸಿ, ನಡುವೆ ಒಂದು ತಾವರೆಯನ್ನೂ ತಂದೆ. ಇಂದುಜಾ ಬಂದು ನೋಡಿ ಹಾಕಿದ ಕೂಗಿಗೆ ಜೆಯಂತಿ ಗೋಡೆಯ ಮೇಲಿಂದ ತಲೆ ಹಾಕಿದಳು.

"ಸೇರಿಸಬಾರದಮ್ಮಾ! ಇದನ್ನ ದೂರದಿಂದ ನೋಡಬೇಕು. ಚುಕ್ಕಿ ಎಲ್ಲಾ ಸೇರಿ ಯಾವ ಕಡೆ ಓತಾ ಅವೆ ಅಂತ ನೋಡಬೇಕು, ಅಷ್ಟೆ!"

ರಬ್ಬರಿನಿಂದ ತಾವರೆ ಅಳಿಸುತ್ತಾ ಅವಳು ನನಗೆ ಪಾಠ ಹೇಳಿದಳು. ಚುಕ್ಕಿಗಳು ಎರಚಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದರೆ ಎರಡಕ್ಕೂ ಸಂಬಂಧ ಇಲ್ಲ. ಎಡದಿಂದ ಬಲಕ್ಕೆ ಇಳಿಯುತ್ತಿದ್ದರೆ ಒಂದು ಹೆಚ್ಚಿದಾಗ ಇನ್ನೊಂದು ಕಡಿಮೆ. ಏರುತ್ತಿದ್ದರೆ ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚು. ನಾನು ಮೂರು ಹೆಜ್ಜೆ ಹಿಂದೆ ಸರಿದು ದೂರದಿಂದ ನೋಡಿದೆ. ಎರಚಿದ ಹಾಗೆ ಇರಲಿಲ್ಲ. ಗುಂಪಾಗಿ, ಶಿಸ್ತಾಗಿ, ಒಂದೇ ಕಡೆಗೆ ಹೊರಟಿದ್ದವು. ನನಗೆ ಹರ್ಷ ತಡೆಯಲಾಗಲಿಲ್ಲ.

"ನೋಡಿದ್ಯಾ! ನನ್ನ ಸುತ್ತಿಗೂ ಅಜ್ಜಿ ಸಕ್ಕರೆಗೂ ಸಂಬಂಧ ಇದೆ ಅಂತ ಗಣಿತಾನೇ ಹೇಳ್ತಾ ಇದೆ!"

"ಇದೆ. ಆದರೆ ಯಾವ ಕಡೆ ಓತಾ ಅವೆ ನೋಡಮ್ಮಾ."

ನೋಡಿದೆ. ಸುರುಳಿ ಬೆಟ್ಟದ ಕಡೆಗೆ ಹತ್ತುವ ದಾರಿಯ ಹಾಗೆ ಮೇಲಕ್ಕೆ ಹೋಗುತ್ತಿದ್ದವು. ಒಂಬತ್ತು ಸುತ್ತಿದ ದಿನ ನೂರಾ ನಲವತ್ತರ ಹತ್ತಿರ. ಇಪ್ಪತ್ತೇಳಕ್ಕೆ ನೂರಾ ಎಪ್ಪತ್ತು. ಐವತ್ತನಾಲ್ಕು ಸುತ್ತಿ ಕಾಲು ಬಾತುಕೊಂಡು ಬಂದ ದಿನಗಳಲ್ಲಿ ಇನ್ನೂರರ ಬಾಗಿಲು.

ಅಷ್ಟರಲ್ಲಿ ಲೋಗೇಶರು ಬಂದು ಹಾಳೆ ನೋಡಿದರು. ವಿಷಯ ತಿಳಿದ ಮೇಲೆ ಕಂಬ ಹಿಡಿದುಕೊಂಡು ನಕ್ಕರು. "ಸಾಕು ಮಾರಾಯ್ತಿ, ನಿಲ್ಸು. ಇನ್ನೊಂದು ನೂರು ಸುತ್ತು ಆಕುದ್ರೆ ನಮ್ಮವ್ವನ್ನ ಕರಗ್ಸಿ ಬೆಲ್ಲ ಮಾಡ್ಬೌದು."

ನಾನೂ ನಕ್ಕೆ. ಆಮೇಲೆ ದೇವರ ಗೂಡಿನ ಮುಂದೆ ಹೋಗಿ ನಿಂತೆ. ಹೂವು ಬದಲಾಯಿಸುವ ನೆಪದಲ್ಲಿ ಬಹಳ ಹೊತ್ತು ನಿಂತೆ. ಫಲ ಕೊಡದ ದೇವರು ನನಗೆ ಗೊತ್ತು. ಕೊಡದಿರುವುದೂ ಒಂದು ಉತ್ತರವೇ ಎಂದುಕೊಂಡು ಬದುಕಿದವಳು ನಾನು. ಆದರೆ ಕೇಳಿದ್ದಕ್ಕೆ ಸರಿಯಾಗಿ ಉಲ್ಟಾ, ಅದೂ ಸುತ್ತಿನ ಲೆಕ್ಕಕ್ಕೆ ತಕ್ಕ ಹಾಗೆ ಅಳೆದು ಕೊಡುವ ದೇವರನ್ನು ಎಲ್ಲೂ ಕೇಳಿರಲಿಲ್ಲ. ಪೊಂಗಲಿಗೆ ಇನ್ನು ಒಂದು ತಿಂಗಳಿಲ್ಲ. ಹಿಂದಿನ ಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು. ಆ ಮುದುಕಿಯ ಹೊಟ್ಟೆಗೆ ಸೂಜಿಯನ್ನು ನಾನೇ ದಿನಕ್ಕೆ ಐವತ್ತನಾಲ್ಕು ಹೆಜ್ಜೆ ಹತ್ತಿರ ತರುತ್ತಿದ್ದೇನೆಯೇ?

ಮರುದಿನ ಶಾಲೆಯ ಗೇಟಿನಲ್ಲಿ ಅಭಿರಾಮಿ ಟೀಚರನ್ನು ಹಿಡಿದೆ. ಅವರಿಗೆ ನಮ್ಮ ಮಾತು ಬಾರದು, ತಮಿಳಿನಲ್ಲಿ ಕೇಳಿದೆ. ಚಿಕ್ಕ ವಯಸ್ಸಿನ ಹುಡುಗಿ, ಆದರೆ ನಗಲಿಲ್ಲ. "ಅಮ್ಮಾ, ಈಗ ಕುಮುಳಿ ರಸ್ತೆಯಲ್ಲಿ ವ್ಯಾನು ಹೆಚ್ಚಾದ ದಿನ ನಿಮ್ಮ ಬೀದಿಯಲ್ಲಿ ಕಪ್ಪು ಪಂಚೆಗಳು ಹೆಚ್ಚಾಗಿ ಒಣಗುತ್ತವೆ ಅಲ್ಲವಾ? ವ್ಯಾನು ಬಂದು ಪಂಚೆ ಒಗೆದು ಹಾಕುತ್ತದಾ?" ಎಂದು ಕೇಳಿದರು.

"ಇಲ್ಲ. ಶಬರಿಮಲೆಗೆ ಮಾಲೆ ಹಾಕುವ ಕಾಲ. ಅದಕ್ಕೆ ಎರಡೂ."

"ಅಷ್ಟೇ. ಎರಡೂ ಜೊತೆಯಾಗಿ ಏರಿದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಅರ್ಥವಲ್ಲ. ಹಿಂದೆ ಮೂರನೆಯದು ಏನೋ ನಿಂತಿರಬಹುದು. ಹುಡುಕಿ."

ಆ ಹುಡುಗಿಯ ಕಾಲಿಗೆ ಬೀಳಬೇಕು ಎನಿಸಿತು. ಗಣಿತ ನನ್ನ ದೇವರನ್ನು ಬಿಡಿಸಿಕೊಟ್ಟಿತ್ತು. ತಪ್ಪು ಸ್ವಾಮಿಯದಲ್ಲ, ಮೂರನೆಯದರದು.

ಮೂರನೆಯದು ಎಂದೊಡನೆ ನನ್ನ ಬುದ್ಧಿ ಗಂಡನ ಕಡೆಗೆ ಓಡಿತು. (ಹೆಂಡತಿಯರ ಬುದ್ಧಿಗೆ ಅದು ಹತ್ತಿರದ ದಾರಿ.) ತಾಯಿಗೆ ಕದ್ದು ಮಿಠಾಯಿ ತಂದುಕೊಡುತ್ತಿದ್ದಾರೆಂದು ಅಂಗಿಯ ಜೇಬನ್ನೆಲ್ಲ ತಡಕಿದೆ. ಒಂದು ಕೆಮ್ಮಿನ ಗುಳಿಗೆ ಸಿಕ್ಕಿತು. ಹಾಸಿಗೆ ಕೊಡವಿದೆ, ಅಕ್ಕಿ ಡಬ್ಬಿಯೊಳಗೆ ಕೈಯಾಡಿಸಿದೆ. ಏನೂ ಇಲ್ಲ. ಆಮೇಲೆ ಹೊಳೆಯಿತು: ಸುತ್ತು ಹೆಚ್ಚಾದ ದಿನ ಹೆಚ್ಚಾಗುವುದು ಸುತ್ತು ಒಂದೇ ಅಲ್ಲ. ನಾನು ಮನೆಯಲ್ಲಿ ಇಲ್ಲದ ಹೊತ್ತೂ ಹೆಚ್ಚಾಗುತ್ತದೆ.

ಗುರುವಾರ ಅತ್ತೆಗೆ ಕೇಳಿಸುವ ಹಾಗೆ, "ಇವತ್ತು ಐವತ್ತನಾಲ್ಕು" ಎಂದು ಹೇಳಿ ಹೊರಟೆ.

"ಓಗ್ಬಾ ಕಣ್ಣು. ನಿಧಾನವಾಗಿ ಸುತ್ತು. ಅಸು ಮಲ್ಗಿದ್ರೆ ಎಬ್ಬಿಸ್ಬ್ಯಾಡ, ಪಾವಂ" ಎಂದು ಹಸುವಿಗೆ ಮರುಗಿದರು ಅತ್ತೆ.

ಒಂಬತ್ತು ಸುತ್ತು ಹಾಕಿ ನಿಂತೆ. ದೊಡ್ಡಿ ನೋಡಿಕೊಳ್ಳುವ ಅಳಗರ್ ತಾತ, "ಏನಮ್ಮಾ, ಇಷ್ಟು ಬೇಗನೆ?" ಎಂದ. ಮನೆಯಲ್ಲಿ ಕೆಲಸ ಎಂದೆ. ಸ್ವಾಮಿಗೆ ಮಾತ್ರ ನಿಜ ಹೇಳಿ ಹಿಂದಿನ ಓಣಿಯಿಂದ ಮನೆಗೆ ಬಂದೆ. ಕೊಟ್ಟಿಗೆಯ ಪಕ್ಕ ಒಗೆಯುವ ಕಲ್ಲಿನ ಹತ್ತಿರ ಬರುವಾಗಲೇ ಜಗಲಿಯಿಂದ ನಗು ಕೇಳಿಸಿತು. ಕಿಟಕಿಯ ಸಂದಿಯಿಂದ ನೋಡಿದೆ.

ನನ್ನ ಜಾಗದಲ್ಲಿ, ಗೋಡೆಗೆ ಒರಗಿ, ಅತ್ತೆ ವಿರಾಜಮಾನರಾಗಿದ್ದರು. ಸುತ್ತ ಜೆಯಂತಿ ಮತ್ತು ಬೀದಿಯ ನಾಲ್ವರು ಹೆಂಗಸರು. ನಡುವೆ ಹಬೆಯಾಡುವ ಕಾಫಿಯ ದೊಡ್ಡ ಪಾತ್ರೆ, ಪಕ್ಕದಲ್ಲಿ ಜೆಯಂತಿ ಜೀವದ ಹಾಗೆ ಕಾಯುತ್ತಿದ್ದ ನನ್ನ ಡಬ್ಬಿ, ಬಾಯಿ ತೆರೆದುಕೊಂಡು.

ಒಬ್ಬಳು ತನ್ನ ಗಂಡನ ವಿಷಯ ಹೇಳುತ್ತಿದ್ದಳು. ಅತ್ತೆ ಲೋಟ ಎತ್ತಿ ಒಂದು ಗುಟುಕು ಕುಡಿದು, "ಅವ್ನು ಉಣ್ಣಾಕೆ ಬರ್ಲಿಲ್ಲೆ ಅಂದ್ರೆ ನೀನು ಉಂಡು ಮಲಿಕ್ಕೊ. ಎಲ್ಡು ದಿನ ತಣ್ಗಂಜಿ ಕುಡಿದ್ರೆ ಮೂರ್ನೇ ದಿನ ಗಡಿಯಾರ ನೋಡ್ಕಂಡು ಬತ್ತಾನೆ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇದ್ನೇ ಅಕ್ಕನ ಅತ್ರ ಏಳುದ್ರೆ ಏನಂತಾರೆ ಗೊತ್ತಾ?" ಎಂದಳು ಜೆಯಂತಿ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಗಂಭೀರವಾಗಿ, "ಹೂಂ" ಎಂದಳು. ನನ್ನದೇ ಹೂಂ! ಎಷ್ಟು ಚೆನ್ನಾಗಿ ಬಂತೆಂದರೆ ಹೊರಗೆ ನಿಂತಿದ್ದ ನಾನು ಬಾಯಿ ಮುಟ್ಟಿ ನೋಡಿಕೊಂಡೆ.

"ಪಾವಂ, ಒಳ್ಳೇವ್ಳು" ಎಂದಳು ಇನ್ನೊಬ್ಬಳು. "ಗೋಡೆ ಕೂಡ ಒಳ್ಳೇದೇ. ಆದ್ರೆ ಗೋಡೆ ಅತ್ರ ಯಾರು ಓತಾರೆ, ಅದೂ ಸಕ್ಕರೆ ಇಲ್ದಿರೋ ಕಾಪ್ಪಿಗೆ?"

"ಅವ್ಳನ್ನ ಏನೂ ಅನ್ಬ್ಯಾಡ್ರಿ ಕಣ್ರೆ" ಎಂದರು ಅತ್ತೆ. ನನ್ನ ಎದೆ ಅರಳಿತು. "ಅವ್ಳು ಸುತ್ತೋ ತಂಕ ತಾನೆ ನಮ್ಗೆ ಈ ಪಾತ್ರೆ? ಒಂಬತ್ತಕ್ಕೇ ನಿಲ್ಸಿದ್ರೆ ನೀರು ಕಾಯೋ ಒತ್ಗೆ ಬಂದ್ಬುಡ್ತಿದ್ಳು. ಅದ್ಕೇ ಸಾಮಿನ ಮೂರು ಸಲ ಕರ್ಸ್ಬೇಕಾತು."

ಕರಿ ಎತ್ತಿನ ಮೇಲೆ ಬಂದ ಸ್ವಾಮಿ ಆ ಕ್ಷಣ ನನ್ನ ಮನಸ್ಸಿನಿಂದ ಇಳಿದು ನಡೆದುಕೊಂಡು ಹೋದರು. ಒಳಗೆ ನುಗ್ಗಲು ಒಂದು ಹೆಜ್ಜೆ ಇಟ್ಟಿದ್ದೆ. ಆಗ ಜೆಯಂತಿ, "ಊಸಿ ಬಂದ್ರೆ ಏನ್ ಮಾಡ್ತೀರಿ ಅತ್ತೆ? ನಂಗೆ ಬಯ ಆಗ್ತದೆ" ಎಂದಳು.

ಅತ್ತೆ ಲೋಟ ಕೆಳಗಿಟ್ಟರು. "ಬಯ ನಂಗಿಲ್ವಾ? ದಿನಾ ಇದೇ ಕಡೇ ಲೋಟ ಅಂತೀನಿ. ಆದ್ರೆ ಬೆಳಿಗ್ಗೆ ಆದ್ರೆ ಈ ಮನೇಲಿ ಮಗ, ಸೊಸೆ, ಮೊಮ್ಮಗ್ಳು ಮೂರು ಪೇರೂ ನನ್ನ ಬೆರ್ಳ ಕೇಳ್ತಾರೆ. ಎಷ್ಟು ಐತೆ, ಎಷ್ಟು ಐತೆ ಅಂತ. ನನ್ನ ಯಾರ್ ಕೇಳ್ತಾರೆ? ಇಲ್ಲಿ ಕುಂತ್ರೆ ನೀವಾದ್ರೂ ಅತ್ತೆ ಏನ್ ಏಳ್ತೀರಿ ಅಂತೀರಿ."

ನಾನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಊರಿನ ಕಷ್ಟಕ್ಕೆಲ್ಲ ಕಿವಿ ಕೊಟ್ಟವಳೆಂದು ಬೀಗುತ್ತಿದ್ದ ನಾನು, ಒಂದೇ ಸೂರಿನ ಕೆಳಗೆ ಇಪ್ಪತ್ತು ವರ್ಷ ಇದ್ದ ಈ ಹೆಂಗಸು ಒಂದು ಪೂರ್ತಿ ಮಾತು ಆಡುವುದನ್ನು ಕೇಳಿದ್ದು ಇದೇ ಮೊದಲು, ಅದೂ ಕಳ್ಳಿಯ ಹಾಗೆ ಹಿತ್ತಲಲ್ಲಿ ನಿಂತು.

ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಒಳಗೆ ಹೋದೆ. ಐದು ಲೋಟಗಳು ಐದು ಸೆರಗಿನ ಕೆಳಗೆ ಮಾಯವಾದವು. ಡಬ್ಬಿಯ ಮೇಲೆ ಜೆಯಂತಿ ಕೂತಳು. ಅತ್ತೆಯ ಲೋಟ ಮಾತ್ರ ಅಲ್ಲೇ ಇತ್ತು. ನಾನು ಪಕ್ಕದಲ್ಲಿ ಕೂತು, ಆ ಲೋಟ ಎತ್ತಿ ಕುಡಿದೆ. ಒಂದೂವರೆ ತಿಂಗಳ ಮೇಲೆ ಸಕ್ಕರೆ ಹಾಕಿದ ಕಾಫಿ. (ಬಹಳ ಚೆನ್ನಾಗಿತ್ತು. ಕೋಪದಲ್ಲಿದ್ದರೂ ಸತ್ಯ ಹೇಳಬೇಕು.)

ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡ ಮೇಲೆ ಅತ್ತೆ ನನ್ನ ಮುಖ ನೋಡದೆ ಹೇಳಿದರು: "ಲೋಗೇಸನಿಗೆ ಏಳ್ಬ್ಯಾಡ. ಬೈದ್ರೆ ತಡ್ಕತೀನಿ. ಅವ್ನು ಅಳ್ತಾನೆ. ಅದು ನಂಗೆ ತಡಿಯಾಕಾಗದು."

ದೇವರ ಗೂಡಿನ ದೀಪ ಮುಟ್ಟಿ ಆಣೆ ಮಾಡಿದೆ: ಗಂಡನಿಗೆ ಹೇಳುವುದಿಲ್ಲ, ಮಗಳಿಗೆ ಹೇಳುವುದಿಲ್ಲ, ಊರಿನಲ್ಲಿ ಯಾರಿಗೂ ಹೇಳುವುದಿಲ್ಲ. (ನಮ್ಮ ಊರಿನಲ್ಲಿ ಕನ್ನಡ ಮಾತಾಡುತ್ತಾರೆಯೇ ಹೊರತು ಅಕ್ಷರ ಯಾರೂ ಓದಲಾರರು. ನಾನೊಬ್ಬಳು ಹೇಗೋ ಕಲಿತುಕೊಂಡೆ. ಅದಕ್ಕೇ ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.) ಅತ್ತೆ ತಮ್ಮ ಕಡೆಯಿಂದ ಆಣೆ ಮಾಡಲಿಲ್ಲ. ಡಬ್ಬಿಯನ್ನು ತಾವೇ ಎತ್ತಿಕೊಂಡು ಹೋಗಿ, ಹಬ್ಬಕ್ಕೆ ಅಡುಗೆ ಮಾಡುವ ಪಾರ್ವತಿಯ ಮನೆಗೆ, ಊರಿನ ಆ ತುದಿಗೆ, ಕೊಟ್ಟು ಬಂದರು. ಅಷ್ಟು ದೂರ ಅವರು ನಡೆದದ್ದು ನಾಲ್ಕು ವರ್ಷದ ಮೇಲೆ.

ಅಂದಿನಿಂದ ನನ್ನ ಸುತ್ತು ದಿನಕ್ಕೆ ಮೂರು. ಹತ್ತು ನಿಮಿಷದಲ್ಲಿ ವಾಪಸು. ಸಂಜೆ ಜಗಲಿಯ ಗೋಡೆಯ ಜಾಗ ಅತ್ತೆಗೆ ಬಿಟ್ಟುಕೊಟ್ಟೆ. ಅವರು ಮಾತಾಡಿದರು, ನಾನು ಸಪ್ಪೆ ಕಾಫಿ ಬಗ್ಗಿಸಿಕೊಟ್ಟೆ. ಹೆಂಗಸರು ಮುಖ ಹಿಂಡಿಕೊಂಡೇ ಕುಡಿದರು, ಆದರೆ ಬಂದರು. ಬೆಳಿಗ್ಗೆ ಎದ್ದ ಕೂಡಲೆ ಯಂತ್ರ ತರುವ ಮೊದಲು ನಾನು, "ರಾತ್ರಿ ನಿದ್ದೆ ಬಂತಾ ಅತ್ತೆ?" ಎಂದು ಕೇಳಲು ಕಲಿತೆ. ಮೊದಲ ದಿನ ಅವರು ಸಂಶಯದಿಂದ ನೋಡಿದರು. ಮೂರನೆಯ ದಿನದಿಂದ ಉತ್ತರ ಶುರುವಾಯಿತು. ಉತ್ತರ ಎಷ್ಟು ಉದ್ದವೆಂದರೆ ಇಡ್ಲಿ ಹಿಟ್ಟು ಉಕ್ಕಿ ಚೆಲ್ಲಿದರೂ ಮುಗಿಯದು.

ಸಕ್ಕರೆ ಇಳಿಯಿತು. ನೂರಾ ನಲವತ್ತು, ನೂರಾ ಮೂವತ್ತಾರು, ನೂರಾ ಇಪ್ಪತ್ತೆಂಟು. ಲೋಗೇಶರ ಹರಾಜು ದಿನದಿನಕ್ಕೂ ಕೆಳಗಿಳಿಯಿತು. ಇಂದುಜಾ ಚುಕ್ಕಿ ಇಡುತ್ತಾ ಹೋದಳು. ಪೊಂಗಲ್ ಕಳೆದ ಸೋಮವಾರ ತೇನಿಗೆ ಹೋದೆವು. ನೂರಾ ಹದಿನೆಂಟು. ಡಾಕ್ಟರಮ್ಮ ಚೀಟಿಯ ಮೇಲೆ ಒಂದು ದೊಡ್ಡ ಸರಿ ಗುರುತು ಹಾಕಿದರು. ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಗುವನ್ನು ಸಮಾಧಾನ ಮಾಡುವ ಹಾಗೆ ತಟ್ಟಿಕೊಂಡರು. ನಾನು ಮುಖ ತಿರುಗಿಸಿ ಬಸ್ಸು ಬರುತ್ತದಾ ಎಂದು ನೋಡಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಶಾಲೆಯಲ್ಲಿ ಗಣಿತ ಮೇಳ ಇತ್ತು.

ನಮ್ಮ ಬೀದಿಗೆ ಬೀದಿಯೇ ಹೋಗಿತ್ತು. ಸಭಾಂಗಣದ ನಡುಗೋಡೆಯಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ಇಂದುಜಾಳ ನಕ್ಷೆ. ಅಡ್ಡಕ್ಕೆ ತಮಿಳಿನಲ್ಲಿ ‘ಅಮ್ಮನ ಸುತ್ತು’. ಮೇಲಕ್ಕೆ ‘ಅಜ್ಜಿಯ ಸಕ್ಕರೆ’. ಮೊದಲಿದ್ದ ಮೂವತ್ತಾರು ಚುಕ್ಕಿಗೆ ಈಗ ಹೊಸದಾಗಿ ಮೂರು ಸುತ್ತಿನ ದಿನಗಳೂ ಸೇರಿದ್ದವು, ಎಡಗಡೆ ತಳದಲ್ಲಿ ಒತ್ತೊತ್ತಾಗಿ. ನಾನು ಸುತ್ತಿದಾಗ ಸಕ್ಕರೆ ಮೇಲೆ, ನಾನು ನಿಲ್ಲಿಸಿದಾಗ ಸಕ್ಕರೆ ಕೆಳಗೆ. ಕಣ್ಣಿದ್ದವರಿಗೆಲ್ಲ ಕಾಣುವಷ್ಟು ಸ್ಪಷ್ಟವಾಗಿ.

ಇಂದುಜಾ ಕೋಲು ಹಿಡಿದು ಚೆನ್ನಾಗಿಯೇ ವಿವರಿಸಿದಳು. "ಸಂಬಂಧ ಇದೆ. ಆದರೆ ಅಮ್ಮನ ಸುತ್ತೇ ಕಾರಣ ಅಂತ ಹೇಳಕಾಗಲ್ಲ. ಮೂರನೇದು ಒಂದು ಇರಬೌದು. ಅದು ಏನು ಅಂತ ನಮಗೆ ಗೊತ್ತಿಲ್ಲ."

ಗೊತ್ತಿದ್ದವರು ಆ ಸಭಾಂಗಣದಲ್ಲಿ ಏಳು ಜನ ಇದ್ದೆವು. ಮೊದಲ ಸಾಲಿನಲ್ಲಿ ಅತ್ತೆ, ಜೆಯಂತಿ, ಆ ನಾಲ್ವರು. ಆರು ಜನರೂ ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ನಾನು ನನ್ನ ಆಣೆಯನ್ನು ನುಂಗಿಕೊಂಡು ನಿಂತಿದ್ದೆ. ಲೋಗೇಶರು ಹೆಮ್ಮೆಯಿಂದ ಪಕ್ಕದವರಿಗೆ ವಿವರಿಸುತ್ತಿದ್ದರು: "ನಮ್ಮ ಮನೆಯವ್ಳು ಸುತ್ತೋದು ನಿಲ್ಸಿದ್ಳು, ನಮ್ಮವ್ವ ಉಳಿದ್ಳು. ಗ್ರಾಪಲ್ಲೇ ಐತೆ ನೋಡ್ರಿ."

ಅದರ ಮರುದಿನವೇ ಶುರುವಾಯಿತು. ಗುಡಿಗೆ ಹೊರಟವಳನ್ನು ಮೇಲಿನ ಬೀದಿಯ ಪೆರುಮಾಳನ ಹೆಂಡತಿ ಓಡಿಬಂದು ತಡೆದಳು. "ಅಕ್ಕಾ, ನಮ್ಮವ್ರಿಗೆ ನಾಳೆ ಕಣ್ಣಿನ ಆಪರೇಸನ್ನು. ಕೈ ಮುಗೀತೀನಿ, ಅವ್ರ ಎಸ್ರು ಮನಸಲ್ಲೂ ನೆನೀಬ್ಯಾಡಿ." ಪರೀಕ್ಷೆಗೆ ಹೋಗುವ ಮಕ್ಕಳನ್ನು ತಾಯಂದಿರು ನಮ್ಮ ಮನೆ ದಾಟಿಸುವಾಗ ಬೇಗ ಬೇಗ ನಡೆಸಿದರು. ಅಳಗರ್ ತಾತ ಕೂಡ ದೊಡ್ಡಿಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಇವತ್ತು ಯಾರಿಗಮ್ಮಾ?" ಎಂದು ಕೇಳತೊಡಗಿದ.

ಎರಡು ವಾರ ಕಳೆದು, ಗೂಡಲೂರಿನಿಂದ ಒಬ್ಬಾಕೆ ಹುಡುಕಿಕೊಂಡು ಬಂದಳು. ನಮ್ಮವರೇ, ವೇಲು ಎಂಬುವರ ಹೆಂಡತಿಯಂತೆ. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಧ್ವನಿ ತಗ್ಗಿಸಿದಳು. "ಅಕ್ಕಾ, ನನ್ನ ನಾದಿನಿ ಒಬ್ಳು ಅವ್ಳೆ. ಅವ್ಳಿಗೆ ಒಂದು ಐವತ್ನಾಲ್ಕು ಸುತ್ತು ಆಕ್ಬೇಕು."

"ಅವರಿಗೆ ಏನು ಕಾಯಿಲೆ?"

"ಏನೂ ಇಲ್ಲೆ. ಅದೇ ತೊಂದ್ರೆ."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹೇಳಿದೆ: "ನೋಡಮ್ಮಾ, ನಾನು ಸುತ್ತುವುದರಿಂದ ಯಾರಿಗೂ ಏನೂ ಆಗುವುದಿಲ್ಲ."

"ಏನೂ ಆಗಲ್ಲ ಅಂದ್ರೆ ಮತ್ಯಾಕಕ್ಕಾ ದಿನಾ ಸುತ್ತುತೀರಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಬಾಯಲ್ಲಿ ಇರಲಿಲ್ಲ. ಸುತ್ತುವಾಗ ಕಾಲು ಒಂದು ಕಡೆ ಇರುತ್ತದೆ, ಮನಸ್ಸು ಇನ್ನೊಬ್ಬರ ಹತ್ತಿರ ಇರುತ್ತದೆ, ಮೂರು ನಿಮಿಷ ನಾನು ನನ್ನನ್ನು ಮರೆತಿರುತ್ತೇನೆ, ಅಷ್ಟೇ. ಅದನ್ನು ಯಾವ ಗೆರೆಯ ಮೇಲೆ ಅಳೆಯುತ್ತಾರೋ ನನಗೆ ಗೊತ್ತಿಲ್ಲ. ನಾನು ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದುಕೊಂಡು ಆಕೆ ನಾದಿನಿಯ ಹೆಸರು, ನಕ್ಷತ್ರ ಬರೆದ ಚೀಟಿಯನ್ನು ನನ್ನ ಕೈಗೆ ತುರುಕಿ ಬಸ್ಸು ಹಿಡಿದಳು.

ಚೀಟಿ ಬಿಸಾಡಲು ಮನಸ್ಸು ಬರಲಿಲ್ಲ. ಯಾರೋ ಪಾಪದ ಹೆಂಗಸು. ಆ ಸಂಜೆ ಮೂರು ಸುತ್ತು ಅವಳಿಗೆಂದೇ ಹಾಕಿ, ಚೆನ್ನಾಗಿರಲಿ ಸ್ವಾಮಿ ಎಂದು ಮನಸಾರೆ ಕೇಳಿಕೊಂಡೆ.

ಐದನೆಯ ದಿನ ಗೂಡಲೂರಿನವಳು ಒಂದು ದೊಡ್ಡ ಬಾಳೆಗೊನೆ ಹೊತ್ತುಕೊಂಡು ಬಂದಳು. ಜಗಲಿಯಲ್ಲಿ ಅತ್ತೆ, ಹೆಂಗಸರು, ಲೆಕ್ಕ ಮಾಡುತ್ತಿದ್ದ ಇಂದುಜಾ, ಎಲ್ಲರೂ ಇದ್ದರು. "ಆತು ಅಕ್ಕಾ!" ಎಂದಳು, ಮುಖವೆಲ್ಲ ಬೆಳಕಾಗಿ. "ಮುಂದಿನ ಬಾಗ್ಲಲ್ಲೇ ಜಾರಿ ಬಿದ್ದು ಕಾಲು ಉಳುಕಿಸ್ಕಂಡ್ಳು! ಇಪ್ಪತ್ತು ದಿನ ಎದ್ದೇಳಂಗಿಲ್ಲೆ!"

ಇಂದುಜಾ ಪೆನ್ಸಿಲ್ ಕೆಳಗಿಟ್ಟು, ಗೂಡಲೂರಿನವಳ ಕಡೆ ತಿರುಗಿ, ಟೀಚರಮ್ಮನ ಗತ್ತಿನಲ್ಲಿ ನನ್ನ ಮಾನ ಕಾಪಾಡಲು ನಿಂತಳು.

"ಅತ್ತೆ, ಅಂಗೆಲ್ಲ ಏಳಬಾರದು. ಇದು ಒಂದೇ ಒಂದು ಚುಕ್ಕಿ. ಒಂದು ಚುಕ್ಕಿ ಇಟ್ಕಂಡು ಏನೂ ತೀರ್ಮಾನ ಮಾಡಕಾಗಲ್ಲ. ಕಮ್ಮಿ ಅಂದ್ರೆ ಇಪ್ಪತ್ತು ಬೇಕು."

ಆಕೆ ಬಾಳೆಗೊನೆಯನ್ನು ಕೆಳಗಿಳಿಸಿ, ಕಾಲು ಚಾಚಿ ಕೂತುಕೊಂಡಳು.

"ಇಪ್ಪತ್ತು ಪೇರು ತಾನೆ? ನಮ್ಮ ಬೀದಿಲೇ ಅವ್ರೆ ಕಣ್ಣು. ಪೇಪರ್ ಎತ್ಕೊ, ಎಸ್ರು ಏಳ್ತೀನಿ."